ಜಾನ್ ಬಾಯ್ಡ್ ಡನ್‌ಲಪ್

ಜಾನ್ ಬಾಯ್ಡ್ ಡನ್‌ಲಪ್ (5 ಫೆಬ್ರವರಿ 1840 – 23 ಅಕ್ಟೋಬರ್ 1921) ಸ್ಕಾಟ್ಲೆಂಡಿನಲ್ಲಿ ಜನಿಸಿ ಐರ್ಲೆಂಡಿನಲ್ಲಿ ನೆಲೆಸಿದ್ದ ಪಶುವೈದ್ಯರು. ಗಾಳಿ ತುಂಬಿದ ರಬ್ಬರ್ ಟೈರನ್ನು ಮೊದಲ ಬಾರಿಗೆ ನಿತ್ಯದ ಬಳಕೆಗೆ ಒದಗುವಂತೆ ರೂಪಿಸಿದವರು ಇವರು. 1887ರಲ್ಲಿ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಇವರು ಮಾಡಿದ ಪ್ರಯೋಗವು ಮುಂದೆ ಸೈಕಲ್, ಮೋಟಾರು ವಾಹನ, ಟ್ರೈಲರ್ ಮತ್ತು ಎತ್ತಿನಗಾಡಿಗಳ ಚಕ್ರಗಳವರೆಗೆ ವ್ಯಾಪಿಸಿತು. ಆದರೆ ಗಾಳಿ ಟೈರಿನ ಕಲ್ಪನೆಗೆ ಇವರಿಗಿಂತ ನಾಲ್ಕು ದಶಕಗಳ ಹಿಂದೆಯೇ ಇನ್ನೊಬ್ಬ ಸ್ಕಾಟ್ಲೆಂಡಿಗ ರಾಬರ್ಟ್ ವಿಲಿಯಂ ಥಾಮ್ಸನ್ ಪೇಟೆಂಟ್ ಪಡೆದಿದ್ದರು. ಆ ಕಾರಣದಿಂದ ಡನ್‌ಲಪ್ ಅವರ ಪೇಟೆಂಟ್ ಅಸಿಂಧುವಾಯಿತು. ಅವರ ಹೆಸರನ್ನು ಹೊತ್ತ ಕಂಪನಿಯು ಜಗತ್ಪ್ರಸಿದ್ಧವಾದರೂ ಅದರಿಂದ ಅವರಿಗೆ ಹೆಚ್ಚಿನ ಸಂಪತ್ತು ದೊರೆಯಲಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ಡನ್‌ಲಪ್ ಅವರು ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತ್ಯದ ಡ್ರೆಗಾರ್ನ್ ಎಂಬ ಗ್ರಾಮದಲ್ಲಿ ಕೃಷಿಕ ಕುಟುಂಬವೊಂದರಲ್ಲಿ ಜನಿಸಿದರು. ತಾವು ತುಂಬು ತಿಂಗಳಿಗೆ ಎರಡು ತಿಂಗಳು ಮೊದಲೇ ಹುಟ್ಟಿದವರೆಂಬ ನಂಬಿಕೆ ಅವರಲ್ಲಿ ಬಾಲ್ಯದಿಂದಲೂ ಬೇರೂರಿತ್ತು. ಆದ್ದರಿಂದ ತಮ್ಮ ದೇಹಸ್ಥಿತಿ ದುರ್ಬಲವೆಂದು ಭಾವಿಸಿ ಜೀವನದುದ್ದಕ್ಕೂ ಆರೋಗ್ಯದ ವಿಷಯದಲ್ಲಿ ಬಹಳ ಎಚ್ಚರದಿಂದಿದ್ದರು. ಹೀಗಿದ್ದೂ ಅವರು ಎಂಬತ್ತೊಂದು ವರ್ಷಗಳ ತುಂಬುಬಾಳನ್ನು ಬಾಳಿದರು.

ಎಡಿನ್‌ಬರೋ ನಗರದ ಡಿಕ್ ಪಶುವೈದ್ಯ ಶಾಲೆಯಲ್ಲಿ ವ್ಯಾಸಂಗ ಮಾಡಿ, ಚಿಕ್ಕ ವಯಸ್ಸಿನಲ್ಲಿಯೇ ಪಶುವೈದ್ಯರಾಗಿ ಅರ್ಹತೆ ಪಡೆದರು. ಸುಮಾರು ಹತ್ತು ವರ್ಷಗಳ ಕಾಲ ಸ್ಕಾಟ್ಲೆಂಡಿನಲ್ಲಿಯೇ ವೃತ್ತಿ ನಡೆಸಿದರು.

ವೃತ್ತಿ ಮತ್ತು ಕುಟುಂಬ

1867ರಲ್ಲಿ ಡನ್‌ಲಪ್ ಐರ್ಲೆಂಡಿನ ಡೌನ್‌ಪ್ಯಾಟ್ರಿಕ್ ಪಟ್ಟಣಕ್ಕೆ ತೆರಳಿದರು. ಅಲ್ಲಿ ಸಹೋದರ ಜೇಮ್ಸ್ ಅವರೊಡನೆ ಪಶು ಚಿಕಿತ್ಸಾಲಯವನ್ನು ಸ್ಥಾಪಿಸಿದರು. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಎಂಬುವರನ್ನು ವಿವಾಹವಾದರು. ಈ ದಂಪತಿಗೆ ಒಬ್ಬ ಮಗಳು ಮತ್ತು ಒಬ್ಬ ಮಗ.

ತರುವಾಯ ಅವರು ಬೆಲ್‌ಫಾಸ್ಟ್ ನಗರಕ್ಕೆ ಬಂದು ಮೇ ಸ್ಟ್ರೀಟ್ ಎಂಬ ಬೀದಿಯಲ್ಲಿ ಚಿಕಿತ್ಸಾಲಯವನ್ನು ತೆರೆದರು. 1880ರ ದಶಕದ ಮಧ್ಯಭಾಗದ ವೇಳೆಗೆ ಅದು ಐರ್ಲೆಂಡಿನ ಅತಿದೊಡ್ಡ ಪಶು ಚಿಕಿತ್ಸಾಲಯಗಳಲ್ಲಿ ಒಂದೆನಿಸಿತ್ತು. ಟೈರಿನ ಪ್ರಯೋಗಕ್ಕೆ ತೊಡಗಿದಾಗ ಡನ್‌ಲಪ್ ಅವರಿಗೆ ನಲವತ್ತೇಳು ವರ್ಷ. ಅವರು ಎಂಜಿನಿಯರ್ ಆಗಿರಲಿಲ್ಲ, ಸೈಕಲ್ ತಯಾರಕರೂ ಆಗಿರಲಿಲ್ಲ. ಕೈತುಂಬ ಕೆಲಸವಿದ್ದ ವೈದ್ಯರಾಗಿದ್ದರು.

ಗಾಳಿ ಟೈರಿನ ಪ್ರಯೋಗ

ಆ ಕಾಲದ ಬೆಲ್‌ಫಾಸ್ಟ್ ನಗರದ ಬೀದಿಗಳಿಗೆ ಕಲ್ಲು ಹಾಸಲಾಗಿತ್ತು. ಬಂಡಿಗಳ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನೂ ಸೈಕಲ್ಲುಗಳ ಚಕ್ರಕ್ಕೆ ಗಟ್ಟಿ ರಬ್ಬರಿನ ಪಟ್ಟಿಯನ್ನೂ ತೊಡಿಸುವುದು ವಾಡಿಕೆಯಾಗಿತ್ತು. ಇಂತಹ ಚಕ್ರವು ಒಂದು ಸಣ್ಣ ಕಲ್ಲಿನ ಮೇಲೆ ಹಾಯಬೇಕಾದರೂ ಸವಾರನ ಸಹಿತ ಇಡೀ ವಾಹನ ಕಲ್ಲಿನ ಎತ್ತರಕ್ಕೆ ಏರಿ ಇಳಿಯಬೇಕಾಗುತ್ತಿತ್ತು. ಇದರಿಂದ ಮೈಗೆ ಕುಲುಕಾಟವಾಗುತ್ತಿತ್ತು. ತುಳಿಯಲು ವ್ಯಯಿಸಿದ ಶಕ್ತಿಯ ಒಂದು ಪಾಲೂ ವ್ಯರ್ಥವಾಗುತ್ತಿತ್ತು. ಡನ್‌ಲಪ್ ಅವರ ಮಗ ಜಾನಿ ತನ್ನ ಮೂರು ಚಕ್ರದ ಸೈಕಲ್ಲಿನಲ್ಲಿ ಈ ಬೀದಿಗಳಲ್ಲಿ ಓಡಾಡಲು ಕಷ್ಟಪಡುತ್ತಿದ್ದನು.

1887ರ ಅಕ್ಟೋಬರಿನಲ್ಲಿ ಡನ್‌ಲಪ್ ಒಂದು ಮರದ ಬಿಲ್ಲೆಯನ್ನು ತೆಗೆದುಕೊಂಡರು. ಸುಮಾರು 0.8 ಮಿಲಿಮೀಟರ್ ದಪ್ಪದ ತೆಳು ರಬ್ಬರ್ ಹಾಳೆಯನ್ನು ಅಂಟಿಸಿ ಕೊಳವೆಯನ್ನಾಗಿ ಮಾಡಿದರು. ಅದನ್ನು ಬಿಲ್ಲೆಯ ಅಂಚಿಗೆ ಸುತ್ತಿ, ಮೇಲೆ ಬಟ್ಟೆಯ ಹೊದಿಕೆಯನ್ನು ಮೊಳೆಗಳಿಂದ ಬಿಗಿದು, ಗಾಳಿ ತುಂಬಿದರು. ಬಳಿಕ ಮಗನ ಸೈಕಲ್ಲಿನ ಒಂದು ಚಕ್ರವನ್ನೂ ಈ ಬಿಲ್ಲೆಯನ್ನೂ ಮನೆಯ ಅಂಗಳದಲ್ಲಿ ಉರುಳಿಸಿ ನೋಡಿದರು. ಸೈಕಲ್ಲಿನ ಚಕ್ರ ಅಂಗಳದ ನಡುವೆಯೇ ನಿಂತಿತು. ಗಾಳಿ ತುಂಬಿದ ಬಿಲ್ಲೆಯು ಅಂಗಳವನ್ನು ದಾಟಿ ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ಈ ಸರಳ ಪರೀಕ್ಷೆಯಿಂದ ಎರಡು ಸಂಗತಿಗಳು ತಿಳಿದುಬಂದವು. ಗಾಳಿಯ ಮೆತ್ತೆಯು ನೆಲದ ಉಬ್ಬುತಗ್ಗುಗಳನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ ಎಂಬುದು ಮೊದಲನೆಯದು. ಹಾಗೆ ನುಂಗಿಕೊಳ್ಳುವುದರಿಂದ ಚಕ್ರವು ಕಡಿಮೆ ಶಕ್ತಿಯಲ್ಲಿ ಹೆಚ್ಚು ದೂರ ಉರುಳುತ್ತದೆ ಎಂಬುದು ಎರಡನೆಯದು. ಡನ್‌ಲಪ್ ಹುಡುಕಿದ್ದು ಮಗನ ಸವಾರಿಗೆ ಹಿತವನ್ನು. ಅದರೊಡನೆ ದೊರೆತದ್ದು ವೇಗ. ಅವರ ಟೈರು ಮಾರುಕಟ್ಟೆಯನ್ನು ಗೆಲ್ಲಲು ಮುಖ್ಯ ಕಾರಣ ಈ ಎರಡನೆಯ ಗುಣವೇ.

ಮುಂದೆ ಅವರು ಸೈಕಲ್ಲಿನ ಹಿಂದಿನ ಎರಡು ಚಕ್ರಗಳಿಗೂ ಇಂತಹ ಟೈರುಗಳನ್ನು ಅಳವಡಿಸಿದರು. ಅನಂತರ ಎರಡು ಚಕ್ರದ ಸೈಕಲ್ಲಿಗೆ ದೊಡ್ಡ ಟೈರುಗಳನ್ನು ತಯಾರಿಸಿ ಬೆಲ್‌ಫಾಸ್ಟಿನ ಕ್ರೀಡಾಂಗಣವೊಂದರಲ್ಲಿ ಪರೀಕ್ಷಿಸಿದರು. 1888ರ ಜುಲೈ 23ರಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಅದೇ ವರ್ಷದ ಡಿಸೆಂಬರ್ 7ರಂದು ಪೇಟೆಂಟ್ ದೊರೆಯಿತು. ಅವರು ತಯಾರಿಸಿದ ಮೊದಮೊದಲ ಟೈರುಗಳಲ್ಲೊಂದು ಇಂದು ಎಡಿನ್‌ಬರೋದಲ್ಲಿರುವ ಸ್ಕಾಟ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಪಂದ್ಯಗಳಲ್ಲಿ ಗೆಲುವು

ದಪ್ಪನೆಯ ಗಾಳಿ ಟೈರುಗಳನ್ನು ಕಂಡು ಜನರು ಮೊದಲು ನಕ್ಕರು. ಈ ನಗೆಯನ್ನು ನಿಲ್ಲಿಸಿದವರು ಬೆಲ್‌ಫಾಸ್ಟ್ ಕ್ರೂಸರ್ಸ್ ಸೈಕಲ್ ಸಂಘದ ನಾಯಕ ವಿಲಿ ಹ್ಯೂಮ್. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ಡನ್‌ಲಪ್ ಟೈರುಗಳನ್ನು ಅಳವಡಿಸಿದ ಸೈಕಲ್ಲಿನ ಮೇಲೆ ಅವರು ನಾಲ್ಕು ಸೈಕಲ್ ಸ್ಪರ್ಧೆಗಳಲ್ಲಿ ನಾಲ್ಕನ್ನೂ ಗೆದ್ದರು. ಸ್ವಲ್ಪ ಕಾಲದಲ್ಲಿಯೇ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಪಂದ್ಯಗಳಲ್ಲಿಯೂ ಒಂದನ್ನುಳಿದು ಮಿಕ್ಕೆಲ್ಲವನ್ನೂ ಗೆದ್ದರು. ಪರಿಣತ ಸ್ಪರ್ಧಿಗಳು ಗಟ್ಟಿ ಟೈರುಗಳನ್ನು ತೊರೆಯತೊಡಗಿದರು.

ಅಂದು ಹ್ಯೂಮ್ ಅವರೆದುರು ಸೋತವರಲ್ಲಿ ಡಬ್ಲಿನ್ ನಗರದ ವ್ಯಾಪಾರಿ ಹಾರ್ವೆ ಡು ಕ್ರೋ ಅವರ ಪುತ್ರರೂ ಇದ್ದರು. ಹಾರ್ವೆ ಡು ಕ್ರೋ ಐರ್ಲೆಂಡಿನ ಸೈಕಲ್ ಸವಾರರ ಸಂಘದ ಅಧ್ಯಕ್ಷರು. ಮಕ್ಕಳ ಸೋಲಿನ ಕಾರಣವನ್ನು ಅರಿತ ಅವರು ಗಾಳಿ ಟೈರಿನ ವಾಣಿಜ್ಯ ಸಾಧ್ಯತೆಯನ್ನು ಕೂಡಲೇ ಮನಗಂಡರು.

ಕಂಪನಿಯ ಸ್ಥಾಪನೆ

1889ರಲ್ಲಿ ಡು ಕ್ರೋ ಅವರ ನೇತೃತ್ವದಲ್ಲಿ ಡಬ್ಲಿನ್ ನಗರದಲ್ಲಿ ಟೈರು ತಯಾರಿಕೆಯ ಕಂಪನಿ ಸ್ಥಾಪನೆಯಾಯಿತು. ಡನ್‌ಲಪ್ ತಮ್ಮ ಪೇಟೆಂಟನ್ನು ಡು ಕ್ರೋ ಅವರಿಗೆ ವರ್ಗಾಯಿಸಿ, ಪ್ರತಿಯಾಗಿ ಕಂಪನಿಯ 1,500 ಷೇರುಗಳನ್ನು ಪಡೆದರು. ಮುಂದೆ ಪಶುವೈದ್ಯ ವೃತ್ತಿಯನ್ನು ಬಿಟ್ಟು ಕುಟುಂಬದೊಡನೆ ಡಬ್ಲಿನ್ನಿಗೆ ಬಂದು ನೆಲೆಸಿದರು.

ರಬ್ಬರ್ ಮತ್ತು ನಾಫ್ತಾದ ದುರ್ವಾಸನೆಯ ಬಗ್ಗೆ ಡಬ್ಲಿನ್ ನಗರದಲ್ಲಿ ದೂರುಗಳು ಬಂದ ಕಾರಣ ಕಂಪನಿಯು ತಯಾರಿಕೆಯನ್ನು ಇಂಗ್ಲೆಂಡಿನ ಕವೆಂಟ್ರಿಗೆ ಸ್ಥಳಾಂತರಿಸಿತು. ಕವೆಂಟ್ರಿಯು ಆಗ ಸೈಕಲ್ ಉದ್ಯಮದ ಪ್ರಮುಖ ಕೇಂದ್ರವಾಗಿತ್ತು.

ಪೇಟೆಂಟ್ ಅಸಿಂಧುವಾದದ್ದು

ಪೇಟೆಂಟ್ ದೊರೆತ ಎರಡು ವರ್ಷಗಳೊಳಗೆ ಅದು ಅಸಿಂಧುವೆಂಬ ಅಧಿಕೃತ ಸುದ್ದಿ ಡನ್‌ಲಪ್ ಅವರಿಗೆ ತಲುಪಿತು. ರಾಬರ್ಟ್ ವಿಲಿಯಂ ಥಾಮ್ಸನ್ (1822–1873) ಅವರು ಗಾಳಿ ಟೈರಿಗೆ ಬ್ರಿಟನ್ನಿನಲ್ಲಿ 1845ರಲ್ಲಿಯೂ ಫ್ರಾನ್ಸಿನಲ್ಲಿ 1846ರಲ್ಲಿಯೂ ಅಮೆರಿಕದಲ್ಲಿ 1847ರಲ್ಲಿಯೂ ಪೇಟೆಂಟ್ ಪಡೆದಿದ್ದರು. ರಬ್ಬರ್ ಲೇಪಿಸಿದ ಬಟ್ಟೆಯ ಕೊಳವೆಗೆ ಚರ್ಮದ ಹೊದಿಕೆ ತೊಡಿಸಿ, ಅದನ್ನು ಕುದುರೆಗಾಡಿಯ ಚಕ್ರಕ್ಕೆ ಬೋಲ್ಟುಗಳಿಂದ ಬಿಗಿಯುವ ಕ್ರಮ ಅವರದು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಅವರು ಇದರ ಪ್ರದರ್ಶನವನ್ನೂ ನೀಡಿದ್ದರು. ಅಂತಹ ಒಂದು ಜೊತೆ ಚಕ್ರಗಳು ಸುಮಾರು 1,200 ಮೈಲಿ ಓಡಿದ ದಾಖಲೆಯಿದೆ.

ಥಾಮ್ಸನ್ ಅವರ ಟೈರು ಕೆಟ್ಟದ್ದಾಗಿರಲಿಲ್ಲ; ಅದರ ಕಾಲ ಬಂದಿರಲಿಲ್ಲ. ಸೈಕಲ್ ಇನ್ನೂ ಜನಪ್ರಿಯವಾಗಿರಲಿಲ್ಲ, ಮೋಟಾರು ಕಾರು ಹುಟ್ಟಿರಲಿಲ್ಲ, ತೆಳುವಾದ ಉತ್ತಮ ರಬ್ಬರು ಸುಲಭವಾಗಿ ದೊರೆಯುತ್ತಿರಲಿಲ್ಲ. ಥಾಮ್ಸನ್ ತಾವೇ ಮುಂದೆ ಗಟ್ಟಿ ರಬ್ಬರ್ ಟೈರುಗಳತ್ತ ಹೊರಳಿದರು. ಡನ್‌ಲಪ್ ತಮ್ಮ ಪ್ರಯೋಗ ನಡೆಸುವ ಹೊತ್ತಿಗೆ ಅವರು ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದವು, ಅವರ ಕೆಲಸ ಮರೆತುಹೋಗಿತ್ತು. ಆದ್ದರಿಂದ ಗಾಳಿ ಟೈರಿನ ಮೊದಲ ಕಲ್ಪನೆ ಥಾಮ್ಸನ್ ಅವರದೆಂದೂ, ಅದನ್ನು ಸ್ವತಂತ್ರವಾಗಿ ಮತ್ತೆ ಕಂಡು ಬಳಕೆಗೆ ತಂದವರು ಡನ್‌ಲಪ್ ಎಂದೂ ಹೇಳುವುದು ಸರಿಯಾದ ಕ್ರಮ. ಪಠ್ಯಪುಸ್ತಕಗಳಲ್ಲಿ ಡನ್‌ಲಪ್ ಅವರ ಹೆಸರೊಂದೇ ಕಾಣುವುದರಿಂದ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಗಮನಿಸಬೇಕು.

ಟೈರಿನ ಭಾಗಗಳು ಮತ್ತು ಅವುಗಳ ಹೆಸರುಗಳು

ಮೂಲ ಪೇಟೆಂಟ್ ಕೈತಪ್ಪಿದರೂ ಕಂಪನಿ ಉಳಿಯಲು ಕಾರಣ ಅದು ಇತರರ ಪೂರಕ ಪೇಟೆಂಟುಗಳನ್ನು ಪಡೆದುಕೊಂಡದ್ದು. ಇಂದು ಟೈರಿನ ಬಗ್ಗೆ ಮಾತನಾಡುವಾಗ ಬಳಸುವ ಅನೇಕ ಪದಗಳು ಈ ಅವಧಿಯ ಒಂದೊಂದು ತೊಡಕಿಗೆ ದೊರೆತ ಪರಿಹಾರಗಳ ಹೆಸರುಗಳು.

ಟ್ಯೂಬ್: ಗಾಳಿಯನ್ನು ಹಿಡಿದಿಡುವ ಒಳಗಿನ ರಬ್ಬರ್ ಕೊಳವೆ. ಡನ್‌ಲಪ್ ಅವರ ಟೈರಿನಲ್ಲಿ ಗಾಳಿಯನ್ನು ಹಿಡಿಯುವ ಕೆಲಸ ಇದರದು. ಅದು ಉಬ್ಬಿ ಒಡೆಯದಂತೆ ತಡೆಯುವ ಕೆಲಸ ಮೇಲಿನ ಬಟ್ಟೆಯದು. ಈ ಕಾರ್ಯವಿಭಜನೆ ಟ್ಯೂಬ್ ಇರುವ ಎಲ್ಲ ಟೈರುಗಳಲ್ಲಿ ಇಂದಿಗೂ ಇದೆ.

ಬೀಡ್: ಟೈರಿನ ಒಳ ಅಂಚಿನಲ್ಲಿ ಹುದುಗಿರುವ ತಂತಿಯ ಬಳೆ. ಡನ್‌ಲಪ್ ಅವರ ಮೊದಲ ಟೈರುಗಳನ್ನು ಬಟ್ಟೆ ಸುತ್ತಿ, ರಬ್ಬರ್ ದ್ರಾವಣದಿಂದ ಚಕ್ರಕ್ಕೆ ಅಂಟಿಸಲಾಗುತ್ತಿತ್ತು. ಪಂಕ್ಚರ್ ಆದರೆ ಇಡೀ ಸುತ್ತನ್ನು ಬಿಚ್ಚಿ ಮತ್ತೆ ಅಂಟಿಸಬೇಕಾಗಿತ್ತು. 1890ರಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬುವರು ಹಿಗ್ಗದ ತಂತಿಯನ್ನು ಅಂಚಿನಲ್ಲಿರಿಸಿದ, ನಡುವೆ ತಗ್ಗಿರುವ ರಿಮ್ಮಿಗೆ ಹೊಂದುವ ಟೈರಿಗೆ ಪೇಟೆಂಟ್ ಪಡೆದರು. ಅದೇ ವರ್ಷ ವಿಲಿಯಂ ಬಾರ್ಟ್ಲೆಟ್ ಎಂಬುವರು ಟೈರಿನ ಅಂಚು ರಿಮ್ಮಿನ ಮಡಿಕೆಗೆ ಸಿಕ್ಕಿಕೊಳ್ಳುವ ಇನ್ನೊಂದು ವಿಧಾನಕ್ಕೆ ಪೇಟೆಂಟ್ ಪಡೆದರು. ಕಂಪನಿಯು ಇವೆರಡರ ಹಕ್ಕುಗಳನ್ನೂ ಪಡೆಯಿತು. ಟೈರನ್ನು ಕಳಚಿ ಮತ್ತೆ ತೊಡಿಸುವುದು ಸಾಧ್ಯವಾದದ್ದು ಇವುಗಳಿಂದ.

ವಾಲ್ವ್: ಗಾಳಿಯನ್ನು ಒಳಕ್ಕೆ ಬಿಟ್ಟು ಹೊರಕ್ಕೆ ಬಿಡದ ಕವಾಟ. ಡನ್‌ಲಪ್ ಹೆಸರಿನಿಂದಲೂ ವುಡ್ಸ್ ಎಂಬ ಹೆಸರಿನಿಂದಲೂ ಪ್ರಸಿದ್ಧವಾದ ಸೈಕಲ್ ವಾಲ್ವನ್ನು ನಮ್ಮ ಸಾಮಾನ್ಯ ಸೈಕಲ್ಲುಗಳಲ್ಲಿ ಕಾಣಬಹುದು. ಸೈಕಲ್ ಅಂಗಡಿಯವರು ಅದರ ಕಡ್ಡಿಗೆ ತೊಡಿಸುವ ಸಣ್ಣ ರಬ್ಬರ್ ನಳಿಕೆಯೇ ಗಾಳಿಯನ್ನು ತಡೆಯುವ ಕವಾಟ. ಕಾರು ಮತ್ತು ಟ್ರೈಲರುಗಳಲ್ಲಿ ಬಳಸುವ ವಾಲ್ವ್ ಅಮೆರಿಕದ ಶ್ರೇಡರ್ ಅವರ ಮಾದರಿಯದು.

ಪ್ಲೈ: ಟೈರಿನ ಒಡಲಿನಲ್ಲಿರುವ ದಾರದ ಪದರ. ಡನ್‌ಲಪ್ ಬಳಸಿದ್ದು ಹಾಸು ಹೊಕ್ಕಾಗಿ ನೇಯ್ದ ಬಟ್ಟೆ. ಅದರ ಎಳೆಗಳು ಓಟದಲ್ಲಿ ಒಂದನ್ನೊಂದು ಉಜ್ಜಿ ಸವೆಯುತ್ತಿದ್ದವು. ಆದ್ದರಿಂದ ಮುಂದೆ ಎಳೆಗಳನ್ನು ಒಂದೇ ದಿಕ್ಕಿನಲ್ಲಿ ಜೋಡಿಸಿ, ರಬ್ಬರಿನಿಂದ ಬೇರ್ಪಡಿಸಿದ ಪದರಗಳು ಬಂದವು. ಪದರಗಳ ಎಳೆಗಳು ಓರೆಯಾಗಿ ಒಂದನ್ನೊಂದು ಕತ್ತರಿಸುವಂತಿದ್ದರೆ ಅದು ಕ್ರಾಸ್ ಪ್ಲೈ ಅಥವಾ ಬಯಾಸ್ ಟೈರು. ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡಲಾಗಿ ಸಾಗಿದರೆ ಅದು ರೇಡಿಯಲ್ ಟೈರು. ರೇಡಿಯಲ್ ಟೈರಿಗೆ ಫ್ರಾನ್ಸಿನ ಮಿಷೆಲಿನ್ ಕಂಪನಿಯು 1946ರಲ್ಲಿ ಪೇಟೆಂಟ್ ಪಡೆಯಿತು.

ಟೈರಿನ ಮೇಲಿನ ಬರಹವನ್ನು ಓದುವ ಬಗೆ

ಇಂದಿನ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಕ್ಷರ ಹಾಗೂ ಅಂಕಿಗಳು ಮೇಲಿನ ಭಾಗಗಳ ಅಳತೆಗಳೇ ಆಗಿವೆ. ಉದಾಹರಣೆಗೆ, ದೋಣಿಯನ್ನು ಸಾಗಿಸುವ ಟ್ರೈಲರುಗಳಲ್ಲಿ ಕಾಣುವ ಎಸ್‌ಟಿ 205/75 ಆರ್ 15 ಎಂಬ ಬರಹವನ್ನು ತೆಗೆದುಕೊಳ್ಳಬಹುದು. ಎಸ್‌ಟಿ ಎಂದರೆ ಟ್ರೈಲರಿಗೆಂದೇ ತಯಾರಿಸಿದ ಟೈರು. 205 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ. 75 ಎಂಬುದು ಅಗಲಕ್ಕೆ ಹೋಲಿಸಿದಾಗ ಪಕ್ಕದ ಎತ್ತರ ಶೇಕಡಾ ಎಷ್ಟು ಎಂಬುದು. ಇಲ್ಲಿ ಅದು ಸುಮಾರು 154 ಮಿಲಿಮೀಟರ್. ಆರ್ ಎಂದರೆ ರೇಡಿಯಲ್. 15 ಎಂಬುದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ.

ಇದರ ಜೊತೆಗೆ ಸಿ, ಡಿ ಮುಂತಾದ ಅಕ್ಷರದಿಂದ ಭಾರದ ದರ್ಜೆಯನ್ನು ಸೂಚಿಸುತ್ತಾರೆ. ಸಿ ಎಂಬುದು ಆರು ಪ್ಲೈ ದರ್ಜೆಗೆ, ಡಿ ಎಂಬುದು ಎಂಟು ಪ್ಲೈ ದರ್ಜೆಗೆ ಸಮ. ಟೈರಿನಲ್ಲಿ ನಿಜವಾಗಿ ಅಷ್ಟು ಪದರಗಳಿವೆ ಎಂದು ಇದರ ಅರ್ಥವಲ್ಲ; ಹಳೆಯ ಹತ್ತಿಬಟ್ಟೆಯ ಪದರಗಳ ಲೆಕ್ಕದಲ್ಲಿ ಅಷ್ಟು ಬಲವಿದೆ ಎಂದು ಅರ್ಥ. ಅಮೆರಿಕದ ನಿಯಮದಂತೆ ತಯಾರಾದ ಟೈರುಗಳ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2319 ಎಂದರೆ 2019ನೆಯ ಇಸವಿಯ 23ನೆಯ ವಾರ. ದೋಣಿಯ ಟ್ರೈಲರು ತಿಂಗಳುಗಟ್ಟಲೆ ಬಿಸಿಲಿನಲ್ಲಿ ನಿಂತಿರುವುದರಿಂದ ಅದರ ಟೈರು ಸವೆಯುವ ಮೊದಲೇ ಹಳತಾಗಿ ಬಿರಿಯಬಹುದು. ಆದ್ದರಿಂದ ಈ ಅಂಕಿಗಳನ್ನು ನೋಡಿಕೊಳ್ಳುವುದು ಅಗತ್ಯ. ಟೈರು ಭಾರವನ್ನು ಹೊರುವುದು ಮುಖ್ಯವಾಗಿ ಅದರೊಳಗಿನ ಗಾಳಿಯ ಒತ್ತಡದಿಂದ. ಗಾಳಿ ಕಡಿಮೆಯಾದರೆ ಪಕ್ಕಗಳು ಅತಿಯಾಗಿ ಬಾಗಿ, ಬಿಸಿಯೇರಿ ಒಡೆಯುತ್ತವೆ.

ಕಂಪನಿಯಿಂದ ನಿರ್ಗಮನ ಮತ್ತು ಕೊನೆಯ ವರ್ಷಗಳು

ಡನ್‌ಲಪ್ 1895ರಲ್ಲಿ ಕಂಪನಿಯಿಂದ ಹೊರಬಂದರು. ಮರುವರ್ಷ, 1896ರಲ್ಲಿ, ಅರ್ನೆಸ್ಟ್ ಟೆರಾ ಹೂಲಿ ಎಂಬ ಹಣಕಾಸು ವ್ಯವಹಾರಸ್ಥರು ಕಂಪನಿಯನ್ನು 30 ಲಕ್ಷ ಪೌಂಡುಗಳಿಗೆ ಕೊಂಡು, 50 ಲಕ್ಷ ಪೌಂಡುಗಳಿಗೆ ಸಾರ್ವಜನಿಕರಿಗೆ ಮಾರಿದರು. ಈ ದೊಡ್ಡ ಲಾಭದಲ್ಲಿ ಡನ್‌ಲಪ್ ಅವರಿಗೆ ಪಾಲಿರಲಿಲ್ಲ. ಆ ಬಳಿಕ ಅವರು ಡಬ್ಲಿನ್ನಿನ ಬಟ್ಟೆ ವ್ಯಾಪಾರದ ಸಂಸ್ಥೆಯೊಂದರ ನಿರ್ದೇಶಕರಾಗಿ ಶಾಂತ ಜೀವನ ನಡೆಸಿದರು.

ಕಂಪನಿಗೆ ತಮ್ಮ ಭಾವಚಿತ್ರ ಮತ್ತು ಸಹಿಯನ್ನು ವ್ಯಾಪಾರಮುದ್ರೆಗಾಗಿ ಬಳಸಲು ಅವರು ಹಿಂದೆ ಅನುಮತಿ ಕೊಟ್ಟಿದ್ದರು. ಮುಂದೆ ಕಂಪನಿಯ ಜಾಹೀರಾತುಗಳು ಅವರ ಗಡ್ಡದ ಮುಖವನ್ನು ಅತಿ ಶೋಕಿಯ ವೇಷದ ದೇಹಕ್ಕೆ ಜೋಡಿಸಿ ತೋರಿಸಿದವು. ಸರಳವಾಗಿ ಬದುಕಿದ ಡನ್‌ಲಪ್ ಅವರಿಗೆ ಇದು ಬಹಳ ನೋವುಂಟುಮಾಡಿತು. ಎಂಬತ್ತರ ಹೊಸ್ತಿಲಿನಲ್ಲಿ ಅವರು ತಮ್ಮದೇ ಹೆಸರಿನ ಕಂಪನಿಯ ವಿರುದ್ಧ ಐರ್ಲೆಂಡಿನ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರು. ಅದನ್ನು ಐರ್ಲೆಂಡಿನಲ್ಲಿ ವಿಚಾರಿಸಬಹುದೇ ಎಂಬ ಪ್ರಶ್ನೆಯು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಸಭೆಯವರೆಗೂ ಹೋಯಿತು. ಪೇಟೆಂಟ್ ಹೋದಾಗಲೂ ಲಾಭ ಕೈತಪ್ಪಿದಾಗಲೂ ದೊಡ್ಡ ಹೋರಾಟಕ್ಕೆ ಇಳಿಯದಿದ್ದ ವ್ಯಕ್ತಿ ತಮ್ಮ ಮುಖದ ಮರ್ಯಾದೆಗಾಗಿ ನ್ಯಾಯಾಲಯದ ಮೆಟ್ಟಿಲೇರಿದ್ದು ಅವರ ಸ್ವಭಾವವನ್ನು ತಿಳಿಸುತ್ತದೆ.

1921ರ ಅಕ್ಟೋಬರ್ 23ರಂದು ಡಬ್ಲಿನ್ನಿನ ಬಾಲ್ಸ್‌ಬ್ರಿಜ್ ಬಡಾವಣೆಯ ತಮ್ಮ ಮನೆಯಲ್ಲಿ ಅವರು ನಿಧನರಾದರು. ಡೀನ್ಸ್ ಗ್ರೇಂಜ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಗಾಳಿ ಟೈರಿನ ಇತಿಹಾಸವನ್ನು ಕುರಿತು ಅವರು ಬರೆದಿದ್ದ ಕೃತಿಯು ಅವರ ಮರಣಾನಂತರ ಪ್ರಕಟವಾಯಿತು.

ಪರಿಣಾಮ ಮತ್ತು ಸ್ಮರಣೆ

ಗಾಳಿ ಟೈರು ಸೈಕಲ್ಲನ್ನು ಸಾಹಸಿಗಳ ವಾಹನವೆಂಬ ಸ್ಥಿತಿಯಿಂದ ಸಾಮಾನ್ಯರ ವಾಹನವನ್ನಾಗಿಸಿತು. ಕೆಲವೇ ವರ್ಷಗಳಲ್ಲಿ ಬಂದ ಮೋಟಾರು ಕಾರು ವೇಗವಾಗಿ ಓಡಲು ಸಾಧ್ಯವಾದದ್ದೂ ಇದರಿಂದಲೇ. ಇದಕ್ಕೆ ಇನ್ನೊಂದು ಮುಖವೂ ಇದೆ. ಟೈರಿಗಾಗಿ ರಬ್ಬರಿನ ಬೇಡಿಕೆ ಏಕಾಏಕಿ ಏರಿದಾಗ, ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನ ವಶದಲ್ಲಿದ್ದ ಕಾಂಗೋ ಪ್ರದೇಶದ ಜನರನ್ನು ಕಾಡು ರಬ್ಬರ್ ಸಂಗ್ರಹಕ್ಕಾಗಿ ಕ್ರೂರವಾಗಿ ಹಿಂಸಿಸಲಾಯಿತು. ಏಷ್ಯಾದಲ್ಲಿ ರಬ್ಬರ್ ತೋಟಗಳು ಹರಡಿದ್ದೂ ಇದೇ ಬೇಡಿಕೆಯಿಂದ. ಇಂದು ಕರ್ನಾಟಕದ ಸುಳ್ಯ, ಪುತ್ತೂರು ಭಾಗಗಳಲ್ಲಿ ಕಾಣುವ ರಬ್ಬರ್ ತೋಟಗಳೂ ಈ ಬೆಳೆಯ ವಿಸ್ತಾರಕ್ಕೆ ಸೇರಿದವು.

ಭಾರತದಲ್ಲಿ ಡನ್‌ಲಪ್ ಕಂಪನಿಯ ಟೈರು ಕಾರ್ಖಾನೆಯು 1936ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಸಾಹಾಗಂಜಿನಲ್ಲಿ ಆರಂಭವಾಯಿತು. ಮರದ ಚಕ್ರಗಳ ಬದಲು ಗಾಳಿ ಟೈರುಗಳನ್ನು ಅಳವಡಿಸಿದ ಎತ್ತಿನಗಾಡಿಯನ್ನು ದೇಶದ ಹಲವೆಡೆ ಡನ್‌ಲಪ್ ಗಾಡಿ ಎಂದೇ ಕರೆಯುತ್ತಾರೆ. ಕನ್ನಡನಾಡಿನಲ್ಲಿ ಅದಕ್ಕೆ ಟೈರುಗಾಡಿ ಎಂಬ ಹೆಸರೂ ಬಳಕೆಯಲ್ಲಿದೆ. ಉತ್ತರ ಐರ್ಲೆಂಡಿನ ನಾರ್ದರ್ನ್ ಬ್ಯಾಂಕ್ ತನ್ನ ಹತ್ತು ಪೌಂಡಿನ ನೋಟಿನಲ್ಲಿ ಡನ್‌ಲಪ್ ಅವರ ಭಾವಚಿತ್ರವನ್ನು ಮುದ್ರಿಸಿ ಅವರನ್ನು ಗೌರವಿಸಿದೆ.